ಯಜಮಾನರಿಂದ ಕಾರನ್ನು ಕಾಪಾಡುವ ಮೇಸ್ತ್ರಿ

ಬೆಳಗ್ಗೆ ಐದೂ ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಬಂಗಲೆಯೊಂದರ ಹಿಂಬದಿಯಲ್ಲಿರುವ ಶೆಡ್ಡಿನ ಬಾಗಿಲನ್ನು ಅರವತ್ತಮೂರು ವರ್ಷದ ಮೇಸ್ತ್ರಿ ಇಂಚಿಂಚೇ ಸರಿಸುತ್ತಿದ್ದಾರೆ. ಬಾಗಿಲು ಕಿರುಗುಟ್ಟಬಾರದು. ಮಹಡಿಯ ಮೇಲೆ ಯಜಮಾನರು ಮಲಗಿದ್ದಾರೆ, ಅವರಿಗೆ ಎಚ್ಚರವಾಗಬಾರದು. ಹಿರಿಯರ ನಿದ್ದೆ ಕೆಡುತ್ತದೆಂಬ ಕಾಳಜಿ ಏನೂ ಅಲ್ಲ. "ಎದ್ರೆ ಕೆಳಗೆ ಬರ್ತಾರೆ ಸಾರ್. ಬಂದ್ರೆ ಸಹಾಯ ಮಾಡ್ತಾರೆ," ಎಂದು ಮೇಸ್ತ್ರಿ ಪಿಸುಗುಟ್ಟುತ್ತಾರೆ. 'ಸಹಾಯ' ಎನ್ನುವಾಗ ಅವರ ಮುಖ ನೋಡಿದರೆ ಗೆದ್ದಲಿನ ವಿಷಯ ಮಾತಾಡುತ್ತಿದ್ದಾರೇನೋ ಅನ್ನಿಸುತ್ತದೆ.

ಒಳಗೆ ನಿಂತಿರುವುದು 1964ರ ಲಿಂಕನ್ ಕಾಂಟಿನೆಂಟಲ್. ಹದಿನೆಂಟು ಅಡಿ ಉದ್ದದ, ಎರಡು ಟನ್ನಿಗೂ ಮಿಕ್ಕಿ ತೂಗುವ, ನಾಲ್ಕು ಬಾಗಿಲಿನ ಅಮೆರಿಕನ್ ಕಾರು. ಬಣ್ಣ ಕಡುನೀಲಿ. ಕಾರ್ಖಾನೆಯಲ್ಲಿ ಬಳಿದ ಅದೇ ಬಣ್ಣ, ಅದೇ ಸೀಟು, ಅದೇ ಗಾಜು. ಬಾನೆಟ್ಟಿನ ಮೇಲೆ ಬಿಸಿಲಿಗೆ ಸ್ವಲ್ಪ ಮಂಕಾಗಿದೆ, ಮುಂದಿನ ಎಡ ಬಾಗಿಲಿನ ಹಿಡಿಕೆಯ ಸುತ್ತ ಅರವತ್ತು ವರ್ಷದ ಬೆರಳುಗಳು ತಾಗಿ ನೀಲಿ ತೆಳುವಾಗಿದೆ. ಮೇಸ್ತ್ರಿ ಮೊದಲು ರಬ್ಬರಿನ ಬುರುಡೆ ಒತ್ತಿ ಗಾಳಿಯಿಂದ ಧೂಳು ಹಾರಿಸುತ್ತಾರೆ. ಆಮೇಲೆ ಮೆತ್ತನೆಯ ಬ್ರಷ್ಷು. ಕೊನೆಗೆ ಹಿಂಡಿದ ಒದ್ದೆ ಬಟ್ಟೆ. ಗೀರು ಬೀಳಿಸುವ ಒಣ ಬಟ್ಟೆ ಈ ಶೆಡ್ಡಿನೊಳಗೆ ಬರುವಂತೆಯೇ ಇಲ್ಲ. ನಾನು ಅಕ್ಕರೆಯಿಂದ ಕರ್ಚೀಪು ತೆಗೆದು ಹೆಡ್‌ಲೈಟ್ ಒರೆಸಲು ಹೋದೆ, ಮಣಿಕಟ್ಟಿನ ಮೇಲೆ ಏಟು ಬಿತ್ತು.

"ನೀವೂ ಸಹಾಯ ಮಾಡೋರೇನಾ?" ಎಂದರು.

ಮೇಸ್ತ್ರಿಯ ದಿನದ ಲೆಕ್ಕ ಹೀಗಿದೆ. ಹನ್ನೊಂದು ಇಲಿಬೋನು, ದಿನಾ ಬೆಳಗ್ಗೆ ತಪಾಸಣೆ. ಟಯರು ಒಂದೇ ಕಡೆ ಚಪ್ಪಟೆಯಾಗದಂತೆ ಎರಡು ದಿನಕ್ಕೊಮ್ಮೆ ಚಕ್ರದ ಹಿಂದೆ ಹಾರೆ ಕೊಟ್ಟು ಮೀಟಿ ಕಾಲು ಸುತ್ತು ಉರುಳಿಸುವುದು. ವಾರಕ್ಕೆರಡು ಸಲ ಎಂಜಿನ್ ಚಾಲು, ಬಿಸಿಯಾಗುವ ತನಕ ಪಕ್ಕದಲ್ಲೇ ನಿಂತು ಕಿವಿಗೊಡುವುದು. (ಎಂಜಿನ್ನಿನ ಗುಂಯ್ ಸದ್ದು ಯಜಮಾನರಿಗೆ ಜೋಗುಳವಂತೆ, ಎಚ್ಚರವಾಗುವುದು ಬಾಗಿಲಿನ ಕಿರುಗುಟ್ಟಿಗೆ ಮಾತ್ರ.) ಭಾನುವಾರ ಮುಂಜಾನೆ ಎಂಟು ಕಿಲೋಮೀಟರ್ ಓಡಿಸುವುದು. ಕೆಲಸ ಎಷ್ಟೇ ಇದ್ದರೂ ಆರೂವರೆಗೆ ಬಾಗಿಲು ಹಾಕಿ ಬೀಗ ಜಡಿದಿರಬೇಕು. ಯಜಮಾನರು ಏಳುವುದು ಆರೂ ಮುಕ್ಕಾಲಿಗೆ. ಮೂವತ್ತಾರು ವರ್ಷದಿಂದ ಇದೇ ವ್ಯವಸ್ಥೆ.

ಈ ಲೇಖನಕ್ಕಾಗಿ ನಾನು ಐದು ಸಲ ಹೋಗಿದ್ದೇನೆ. ಮೊದಲ ಸಲ ಪತ್ರಿಕೆಯ ಫೋಟೊಗ್ರಾಫರ್ ಜತೆಗಿದ್ದ. ಮೇಸ್ತ್ರಿಯ ಮೇಲೆ ಬರೆಯಲು ಹೊರಟಿದ್ದೇವೆ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಅವನು ಕಾರಿನ ನಲವತ್ತೆರಡು ಫೋಟೊ ತೆಗೆದ. ಮೂಗಿನದು, ಬಾಲದ್ದು, ಬಾನೆಟ್ ಎತ್ತಿ ಒಳಗಿನ ಮೂಲೆಮೂಲೆಯದು. ಮೇಸ್ತ್ರಿಯದು ಒಂದೇ ಒಂದು, ಅದೂ ಬೆನ್ನು. "ಅಡ್ಡ ಬಂದ್ಬಿಟ್ರು" ಅಂತ ಸಮಜಾಯಿಷಿ ಬೇರೆ. ಹಣೆ ಹಣೆ ಚಚ್ಚಿಕೊಂಡೆ.

ಮೇಸ್ತ್ರಿ ಈ ಮನೆಗೆ ಬಂದದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ, ಒಂದು ಗ್ಯಾರೇಜಿನಿಂದ, ಒಂದೇ ಒಂದು ದಿನದ ಕೆಲಸಕ್ಕೆ. ಯಜಮಾನರ ತಂದೆ ಊರು ಬಿಟ್ಟು ಹೋಗುತ್ತಿದ್ದ ವಿದೇಶಿ ಅಧಿಕಾರಿಯೊಬ್ಬನಿಂದ ಕಾರು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ವೈಪರು ಕೈಕೊಟ್ಟಿತ್ತು. ಆರು ಜನ ಮೆಕ್ಯಾನಿಕ್ಕುಗಳು ಬಂದು ಬಾನೆಟ್ ಎತ್ತಿ ವೈಪರಿನ ಮೋಟಾರು ಹುಡುಕಿ, ಸಿಗದೆ, ಬೇರೆ ಮೋಟಾರು ಕೂರಿಸಲು ತಗಡು ಕೊರೆಯಬೇಕೆಂದು ಹೇಳಿ ಹೋಗಿದ್ದರು. ಏಳನೆಯವರಾಗಿ ಬಂದ ಇವರು ಕಾರಿನ ಜತೆ ಬಂದಿದ್ದ ದಪ್ಪ ಪುಸ್ತಕದ ಚಿತ್ರಗಳನ್ನು ನೋಡುತ್ತ ಅರ್ಧ ದಿನ ಕೂತರು. "ಇದರಲ್ಲಿ ವೈಪರಿಗೆ ಕರೆಂಟ್ ಮೋಟಾರೇ ಇಲ್ಲ ಸಾರ್. ಸ್ಟಿಯರಿಂಗ್ ಹಗುರ ಮಾಡೋ ಪಂಪಿದೆಯಲ್ಲ, ಅದರ ಎಣ್ಣೆ ಒತ್ತಡದಲ್ಲೇ ವೈಪರೂ ಓಡೋದು. ಇಲ್ಲದ ಮೋಟಾರನ್ನ ಆರು ಜನ ಹುಡುಕಿದಾರೆ!" ಎಣ್ಣೆಯ ಒಂದು ಕೊಳವೆ ಬದಲಿಸಿದರು, ವೈಪರು ಓಡಿತು. ತಗಡಿಗೆ ತೂತು ಬೀಳಲಿಲ್ಲ. ಅವತ್ತು ಉಳಿದುಕೊಂಡವರು ಇವತ್ತಿಗೂ ಇಲ್ಲೇ ಇದ್ದಾರೆ.

ಈ ಮಾದರಿಯ ಚರಿತ್ರೆ ಕೇಳಿದರೆ ಅವರು ತಮ್ಮ ಮನೆತನದ ಕಥೆಯಂತೆ ಶುರು ಮಾಡುತ್ತಾರೆ. 1960ರ ಲಿಂಕನ್ ಸುಮಾರು ಹತ್ತೊಂಬತ್ತು ಅಡಿ ಉದ್ದ, ಬಾಲದಲ್ಲಿ ರೆಕ್ಕೆ, ಓರೆ ಕಣ್ಣಿನ ದೀಪಗಳು. "ಮದುವೆಗೆ ಇರೋಬರೋ ಒಡವೆಯೆಲ್ಲ ಹಾಕ್ಕೊಂಡು ಬಂದಹಾಗೆ." ಮರುವರ್ಷ ಬಂದ ಕಾಂಟಿನೆಂಟಲ್ ಅದನ್ನೆಲ್ಲ ಕಳಚಿಟ್ಟು, ಉದ್ದದಲ್ಲಿ ಒಂದಡಿಗೂ ಹೆಚ್ಚು ಇಳಿದು, ನೇರ ಗೆರೆಯ ಸಪಾಟು ಮೈಯಲ್ಲಿ ಬಂತು. ಎರಡು ಬಾಗಿಲಿನ ಬೇರೆ ಕಾರಿಗೆಂದು ಮಾಡಿದ್ದ ನಮೂನೆಯನ್ನೇ ಹಿಗ್ಗಿಸಿ ನಾಲ್ಕು ಬಾಗಿಲು ಮಾಡಿದ್ದಂತೆ. ಹಿಂದೆ ಕೂತವರ ಕಾಲು ಇಳಿಯುವಾಗ ಬಾಗಿಲಿಗೆ ತಾಗುತ್ತಿತ್ತಾದ್ದರಿಂದ ಹಿಂದಿನ ಬಾಗಿಲುಗಳಿಗೆ ಕೀಲನ್ನು ಹಿಂಭಾಗದಲ್ಲಿ ಕೊಟ್ಟರು. ಹೀಗಾಗಿ ಮುಂದಿನ ಬಾಗಿಲು ಮುಂದಕ್ಕೆ, ಹಿಂದಿನದು ಹಿಂದಕ್ಕೆ, ಕಪಾಟಿನ ಹಾಗೆ ತೆರೆಯುತ್ತವೆ. ಎಂಜಿನ್ನುಗಳನ್ನು ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿ, ಒಂದೊಂದು ಕಾರನ್ನೂ ರಸ್ತೆಗಿಳಿಸಿ ನೋಡಿಯೇ ಮಾರುತ್ತಿದ್ದರು. 64ರಲ್ಲಿ ಹಿಂದಿನ ಸೀಟಿನವರಿಗಾಗಿ ಕಾರನ್ನು ಮೂರಿಂಚು ಹಿಗ್ಗಿಸಿ, ಬಾಗಿದ್ದ ಕಿಟಕಿ ಗಾಜನ್ನು ಚಪ್ಪಟೆ ಮಾಡಿದರು. 66ರಲ್ಲಿ ಮೈಕಟ್ಟೇ ಬದಲಾಯಿತು. 69ಕ್ಕೆ ಈ ಹಿಮ್ಮೊಗದ ಬಾಗಿಲಿನ ಕಾಂಟಿನೆಂಟಲ್ಲಿನ ಕಥೆ ಮುಗಿಯಿತು.

ಬಾಗಿಲಿನ ಚರಿತ್ರೆ ಮೇಸ್ತ್ರಿಯ ಬಲಗೈಯ ಮೇಲೂ ಇದೆ. ಎರಡು ಬಾಗಿಲೂ ಒಂದೇ ನಡುಕಂಬಕ್ಕೆ ಬಂದು ಮುಚ್ಚುತ್ತವೆ. ಇಳಿಯುವವರೆಲ್ಲ ಆ ಕಂಬವನ್ನೇ ಹಿಡಿದು ಏಳುತ್ತಾರೆ, ಅಷ್ಟರಲ್ಲಿ ಇನ್ನೊಬ್ಬರು ಬಾಗಿಲು ಬಡಿಯುತ್ತಾರೆ. ಯಾರೋ ನೆಂಟರ ಬೆರಳು ಉಳಿಸಲು ಹೋಗಿ ಇವರು ತಮ್ಮ ಎರಡು ಉಗುರು ಕಳೆದುಕೊಂಡಿದ್ದಾರೆ. "ಕಂಬ ಹಿಡೀಬೇಡಿ, ಕಂಬ ಹಿಡೀಬೇಡಿ ಅಂತ ಮೂವತ್ತಾರು ವರ್ಷದಿಂದ ಬಡ್ಕೊತಿದೀನಿ. ಹೂಂ ಅಂತಾರೆ, ಹಿಡ್ಕೊಂಡೇ ಹೂಂ ಅಂತಾರೆ."

ಇನ್ನು ಯಜಮಾನರು. ವಯಸ್ಸು ಎಪ್ಪತ್ತೆಂಟು, ಕೈ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮೇಸ್ತ್ರಿಯ ಮಗಳ ಓದು, ಹೆಂಡತಿಯ ಕಣ್ಣಿನ ಆಪರೇಷನ್ನು, ಎಲ್ಲಕ್ಕೂ ಕೇಳುವ ಮೊದಲೇ ಮುಂದೆ ನಿಂತವರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು, ಒಳ್ಳೆಯವರನ್ನು ಏನು ಮಾಡುವುದು? ಕಾರೆಂದರೆ ಅವರಿಗೆ ಪ್ರಾಣ, ಆದರೆ ಕೈ ಮಾತ್ರ ಸುಮ್ಮನಿರುವುದಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ. ಹೊಸ ಸ್ಟೀರಿಯೊ ಹಾಕಿಸೋಣವೇ, ಸೀಟಿಗೆ ಹುಲಿಪಟ್ಟೆಯ ಕವರು ಹೊಲಿಸೋಣವೇ, ಬಾಲಕ್ಕೆ ಕೆಂಪು ದೀಪದ ಸಾಲು ಬಿಡೋಣವೇ ಎಂದು ವಾರಕ್ಕೊಂದು ಯೋಜನೆ. ಪ್ರತಿಯೊಂದಕ್ಕೂ ಮೇಸ್ತ್ರಿಯ ಉತ್ತರ, "ಇರ್ಲಿ ಬಿಡಿ ಯಜಮಾನ್ರೇ." ಬೀದಿಯವರು ಅವರಿಗೆ 'ಇರ್ಲಿಬಿಡಿ ಮೇಸ್ತ್ರಿ' ಎಂದೇ ಹೆಸರಿಟ್ಟಿದ್ದಾರೆ.

ಒಮ್ಮೆ ಯಜಮಾನರು ಬಲು ಉತ್ಸಾಹದಿಂದ ದೂರದ ಊರಿನಿಂದ ಬಾಗಿಲಿನ ಗಾಜುಗಳನ್ನು ತರಿಸಿದರು. ಇದ್ದ ಗಾಜಿಗೆ ಏನೂ ಆಗಿರಲಿಲ್ಲ, 'ಇರಲಿ ಒಂದು ಜೊತೆ' ಅಂತ. ಬಂದದ್ದು 62ರ ಬಾಗಿದ ಗಾಜು. ಮೇಸ್ತ್ರಿಯ ಮನೆಗೆ ಹೋದಾಗ ಅವರ ಹೆಂಡತಿ ನನಗೆ ಮಂಚದ ಕೆಳಗೆ ಬಗ್ಗಿ ತೋರಿಸಿದರು. "ನೋಡಿ, ಹದಿನಾಲ್ಕು ವರ್ಷದಿಂದ ಇದರ ಮೇಲೇ ಮಲಗ್ತಿದೀವಿ. ಅಲ್ಲೇ ಇದ್ರೆ ಯಜಮಾನ್ರು ಹೇಗಾದ್ರೂ ಕೂರಿಸೇ ಬಿಡ್ತಾರೆ ಅಂತ ಇಲ್ಲಿ ತಂದಿಟ್ರು. ಮಗಳಿಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತಿರ್ಲಿಲ್ಲ ಈ ಮನುಷ್ಯ, ರೇಡಿಯೇಟರ್ ಮುಟ್ಟಿ ನೋಡ್ತಿದ್ರು."

ಅವರ ಸಿಟ್ಟಿಗೆ ಕಾರಣವಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಎರಡು ರಾತ್ರಿಗಿಂತ ಹೆಚ್ಚು ಊರು ಬಿಟ್ಟಿದ್ದು ಒಮ್ಮೆ ಮಾತ್ರ, ನಾದಿನಿಯ ಮದುವೆಗೆಂದು ನಾಲ್ಕು ದಿನ. ಮರಳಿ ಬಂದಾಗ ಡಿಕ್ಕಿಯೊಳಗಿನ ರತ್ನಗಂಬಳಿಯಂಥ ಹಾಸು, ಬಟ್ಟೆ ಒಗೆಯುವ ಕಲ್ಲಿನ ಮೇಲಿತ್ತು, ಯಜಮಾನರು ಪಂಚೆ ಎತ್ತಿ ಕಟ್ಟಿ ಸೋಪು ಹಚ್ಚುತ್ತಿದ್ದರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದರಲ್ಲಿ ಅವರದು ಎತ್ತಿದ ಕೈ. ಅವತ್ತಿನಿಂದ ಮೇಸ್ತ್ರಿ ಮದುವೆ ಮುಂಜಿ ಯಾವುದಕ್ಕೂ ಹೋದವರಲ್ಲ. ಹೆಂಡತಿ ಒಬ್ಬರೇ ಹೋಗಿ ಬರುತ್ತಾರೆ. ನಗುತ್ತಾ ಹೇಳಿದರೂ ಆ ನಗುವಿನಲ್ಲಿ ಸುಖವಿರಲಿಲ್ಲ.

ಈಗ ಬಂದಿದ್ದ ಗಂಡಾಂತರ ಹಾಸಿನಷ್ಟು ಚಿಕ್ಕದಲ್ಲ. ಬರುವ ತಿಂಗಳು ಯಜಮಾನರ ಮೊಮ್ಮಗಳ ಮದುವೆ. ಮದುಮಗಳು ಈ ಕಾರಿನಲ್ಲೇ ಬರಬೇಕು, ಮಂಕು ನೀಲಿ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಬಂಧುಬಳಗವೆಲ್ಲ ತಲೆಗೊಂದು ಮಾತಾಡಿ, ಕಾರನ್ನು ತಗಡಿನವರೆಗೂ ಉಜ್ಜಿ ಮುತ್ತಿನ ಬಿಳಿ ಬಣ್ಣ ಹೊಡೆಸುವುದೆಂದು ತೀರ್ಮಾನಿಸಿದ್ದರು. ಪೇಂಟರಿಗೆ ಸೋಮವಾರ ಬರಹೇಳಿಯೂ ಆಗಿತ್ತು.

"ಹಲ್ಲು ಕೀಳಿಸಿ ಫಳಫಳ ಅನ್ನೋ ಸೆಟ್ ಹಾಕಿಸ್ಬೋದು ಸಾರ್. ಆಮೇಲೆ ಬೇಡ ಅಂದ್ರೆ ಹಲ್ಲು ಬರುತ್ತಾ?" ಎಂದು ಮೇಸ್ತ್ರಿ ಕೇಳಿದ್ದರು. ಯಜಮಾನರ ಹತ್ತಿರವೂ ಇದನ್ನೇ ಕೇಳಿದ್ದರಂತೆ. ಅವರು ಬಾಯಿ ತೆರೆದು ತಮ್ಮ ಹಲ್ಲಿನ ಸೆಟ್ ತೋರಿಸಿ, ಚೆನ್ನಾಗೇ ಇದೆಯಲ್ಲ ಎಂದರಂತೆ.

ಕಡೆಗೆ ಮೇಸ್ತ್ರಿ ಯಾರಿಗೂ ಹೇಳದೆ ಮಗಳ ಕೈಲಿ ಒಂದು ಪತ್ರ ಬರೆಸಿದರು. ಹಳೆಯ ಕಾರುಗಳ ಸಂಘವೊಂದಿದೆ. ರಿಪೇರಿಯ ಹೆಸರಲ್ಲಿ ಹೊಸದು ಮಾಡದೆ ಹುಟ್ಟಿದಂತೆಯೇ ಉಳಿಸಿಕೊಂಡ ಕಾರುಗಳಿಗೆ ಅದು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಏನು ದುರಸ್ತಿಯಾಗಿದೆಯೋ ಅದನ್ನು ನಾವೇ ಹೇಳಬೇಕು, ಮುಚ್ಚಿಟ್ಟದ್ದು ಸಿಕ್ಕರೆ ಕಾರು ಅಲ್ಲಿಗೇ ಹೊರಗೆ. ಶನಿವಾರ ಪರೀಕ್ಷಕರು ಬರುತ್ತಾರೆಂದು ಉತ್ತರ ಬಂತು. ಯಜಮಾನರು ಆ ಪತ್ರ ಓದಿ ಹಿಗ್ಗಿಹೋಗಿ ಮಾತು ಕೊಟ್ಟರು. ಪ್ರಮಾಣಪತ್ರ ಸಿಕ್ಕರೆ ತಾವಿರುವ ತನಕ ಬಣ್ಣದ ಮಾತಿಲ್ಲ, ಸಿಗದಿದ್ದರೆ ಸೋಮವಾರ ಪೇಂಟರು.

ಮೇಸ್ತ್ರಿ ಯಾವುದನ್ನು ನೆಚ್ಚಿಕೊಂಡಿದ್ದರೆಂದರೆ, ಒಂದು ಗೀಚು. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದೆ ತಗಡಿನ ಗೋಡೆಯಿದೆ. ಅದರ ಬಲಮೂಲೆಯಲ್ಲಿ ಹಳದಿ ಮೇಣದ ಕಡ್ಡಿಯಲ್ಲಿ ಬರೆದ ಎರಡು ಅಂಕಿ, ಬಾಲ ಎಳೆದ ಒಂದು ಅಕ್ಷರ, ಕೆಳಗೊಂದು ಗೆರೆ. ಕಾರ್ಖಾನೆಯಲ್ಲಿ ಕಾರನ್ನು ನೋಡಿ 'ಸರಿಯಿದೆ' ಎಂದು ಯಾವನೋ ಕೆಲಸಗಾರ ಹಾಕಿದ ಗುರುತು ಅದು ಎಂಬುದು ಮೇಸ್ತ್ರಿಯ ಊಹೆ. ಮೂವತ್ತಾರು ವರ್ಷ ಅದರ ಸುತ್ತ ಬೆಣ್ಣೆಯಿಂದ ಕೂದಲು ತೆಗೆದಂತೆ ಬ್ರಷ್ ಆಡಿಸಿದ್ದಾರೆ. "ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಸಾರ್. ಕಾರು ಮಾಡಿದೋರು ಅಂತ ದೊಡ್ಡೋರ ಹೆಸರು ಇರುತ್ತೆ. ಇವನದು ಇಷ್ಟೇ," ಎಂದು ಮೊದಲ ದಿನವೇ ಟಾರ್ಚ್ ಬಿಟ್ಟು ತೋರಿಸಿದ್ದರು.

ಶುಕ್ರವಾರ ಬೆಳಗ್ಗೆ ನಾನು ಹೋದಾಗ ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ನಾಳಿನ ಸಂಭ್ರಮಕ್ಕೆ ನಿದ್ದೆ ಬಾರದೆ ಯಜಮಾನರು ನಾಲ್ಕಕ್ಕೇ ಎದ್ದು, ತಮ್ಮ ಬಳಿಯಿದ್ದ ಇನ್ನೊಂದು ಬೀಗದಕೈಯಿಂದ ಶೆಡ್ಡು ತೆಗೆದಿದ್ದರು. ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ, ಮುಖದಲ್ಲಿ ಮಗುವಿನ ಖುಷಿ. ಮೇಸ್ತ್ರಿ ನನಗಿಂತ ಎರಡು ಹೆಜ್ಜೆ ಮುಂದೆ ನಿಂತಿದ್ದರು, ಸೈಕಲ್ಲನ್ನು ಇನ್ನೂ ಕೈಯಿಂದ ಬಿಟ್ಟಿರಲಿಲ್ಲ.

"ಬಾ ಮೇಸ್ತ್ರಿ, ನೋಡು! ನೀನು ಇಷ್ಟು ವರ್ಷದಿಂದ ಬಿಟ್ಟಿದ್ದ ಕೊಳೆನೆಲ್ಲ ತೆಗೆದೆ. ಮೂಲೆಯಲ್ಲಿ ಯಾವನೋ ಹಳದಿ ಹಳದಿ ಗೀಚಿದ್ದ, ಅದೂ ಹೋಯ್ತು!"

ತಗಡಿನ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಬಂದ ಸಿಟ್ಟಿಗೆ ಅವರ ವಯಸ್ಸನ್ನೂ ನೋಡದೆ ಏನೋ ಅನ್ನಲು ಹೊರಟಿದ್ದೆ. ಮೇಸ್ತ್ರಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಬಂದು ಬಗ್ಗಿ ನೋಡಿದರು. ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡು, "ಅದು ಕೊಳೆ ಅಲ್ಲ ಯಜಮಾನ್ರೇ," ಎಂದರು. ಏನದು ಎಂದು ಯಜಮಾನರು ಈ ಮೂವತ್ತಾರು ವರ್ಷದಲ್ಲಿ ಮೊದಲ ಬಾರಿ ಕೇಳಿದರು. ಮೇಸ್ತ್ರಿ ಹೇಳಿದರು. ಬಟ್ಟೆ ಯಜಮಾನರ ಕೈಯಿಂದ ಜಾರಿ ಕೆಳಗೆ ಬಿತ್ತು.

ಆಗ ಫೋಟೊಗ್ರಾಫರನ ನಲವತ್ತೆರಡು ಫೋಟೊ ನೆನಪಾದದ್ದು ನನಗೇ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲೊಂದು ಆ ಗೀಚಿನದು, ಅಂಕಿ, ಅಕ್ಷರ, ಗೆರೆ ಎಲ್ಲ ಸ್ಪಷ್ಟವಾಗಿತ್ತು. ನನ್ನ ಫೋನು ನೋಡಿ ಯಜಮಾನರಿಗೆ ಜೀವ ಬಂತು. "ಇದನ್ನ ನೋಡ್ಕೊಂಡು ಹಾಗೇ ಬರೆದುಬಿಡು ಮೇಸ್ತ್ರಿ. ಹಳದಿ ಕಡ್ಡಿ ಈಗಲೇ ತರಿಸ್ತೀನಿ. ನಿನ್ನ ಕೈಯಲ್ಲಿ ಆಗದೇ ಇರೋದು ಯಾವುದಿದೆ?" ಯಾರಿಗೆ ತಿಳಿಯುತ್ತದೆ ಎಂದು ನಾನೂ ದನಿಗೂಡಿಸಿದೆ. ಸೋಮವಾರದ ಪೇಂಟರ್ ನನ್ನ ಕಣ್ಣ ಮುಂದೆಯೇ ಇದ್ದ.

ಮೇಸ್ತ್ರಿ ಫೋಟೊವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಆ ಅಕ್ಷರದ ಬಾಲವನ್ನು ಒಮ್ಮೆ ಎಳೆದರು. ಬರೆಯಲು ಬರುತ್ತಿತ್ತು, ಅದರಲ್ಲಿ ಅನುಮಾನವೇ ಇಲ್ಲ.

"ಅವನು ಕಾರು ನೋಡಿ ಬರೆದ ಸಾರ್. ನಾನು ಫೋಟೊ ನೋಡಿ ಬರೀಲಾ?" ಎಂದು ಫೋನು ಹಿಂದಿರುಗಿಸಿದರು. ಅಲ್ಲಿಗೆ ಮಾತು ಮುಗಿಯಿತು.

ಶನಿವಾರ ಹತ್ತು ಗಂಟೆಗೆ ಪರೀಕ್ಷಕಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಗೆ ನೇತುಹಾಕಿದ ಭೂತಗನ್ನಡಿ, ನಗು ಕಡಿಮೆ. ಕಾರಿನ ಕೆಳಗೆ ಚಾಪೆ ಹಾಸಿ ಮುಕ್ಕಾಲು ಗಂಟೆ ಮಲಗಿದರು. ಬಾಗಿಲಿನ ಅಂಚು, ಗಾಜಿನ ಮೂಲೆ, ಕೊನೆಗೆ ಸೀಟಿನ ಒಂದೊಂದು ಹೊಲಿಗೆ. ಯಜಮಾನರು ಉಗುರು ಕಡಿಯುತ್ತ ಓಡಾಡುತ್ತಿದ್ದರು. ಇಳಿಯುವಾಗ ಆಕೆ ನಡುಕಂಬ ಹಿಡಿಯಲಿಲ್ಲ. ಮೇಸ್ತ್ರಿ ನನ್ನತ್ತ ನೋಡಿ ಹುಬ್ಬೇರಿಸಿದರು.

ಬಾನೆಟ್ ಎತ್ತಿದ ಆಕೆ ತಗಡಿನ ಗೋಡೆಯ ಮುಂದೆ ನಿಂತುಬಿಟ್ಟರು. "ಇಷ್ಟು ಹಳೇ ಎಂಜಿನ್ ಹಿಂದೆ ಇಷ್ಟು ಹೊಳಪು ಹೇಗೆ ಬಂತು?"

"ಇಲ್ಲೊಂದು ಗುರುತಿತ್ತು ಮೇಡಂ, ಕಾರ್ಖಾನೆಯದು. ನಿನ್ನೆ ಹೋಯ್ತು," ಎಂದರು ಮೇಸ್ತ್ರಿ. ಹೇಗೆ ಹೋಯಿತೆಂದು ಹೇಳಲಿಲ್ಲ.

"ನಾನೇ ಒರೆಸಿದ್ದು," ಎಂದು ಹಿಂದಿನಿಂದ ಯಜಮಾನರ ದನಿ ಬಂತು. "ಇವನು ಇಷ್ಟು ವರ್ಷ ಕಾಪಾಡಿದ್ದ. ನಾನು ಐದು ನಿಮಿಷದಲ್ಲಿ ಒರೆಸಿದೆ. ಅದನ್ನೂ ಬರ್ಕೊಳ್ಳಿ." ಎಪ್ಪತ್ತೆಂಟರ ಮನುಷ್ಯ ತಲೆ ತಗ್ಗಿಸಿ ನಿಂತಿದ್ದು ನೋಡಿ, ನನ್ನ ನಿನ್ನೆಯ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪರೀಕ್ಷಕಿ ಬರೆದುಕೊಂಡರು. ನಂತರ ಮೇಸ್ತ್ರಿಯ ಕಡೆ ತಿರುಗಿ, ಕೊಳವೆ, ಬೆಲ್ಟು, ಟಯರು ಬಿಟ್ಟು ಬೇರೇನು ದುರಸ್ತಿ ಮಾಡಿದ್ದೀರಿ ಎಂದು ಕೇಳಿದರು. ಡ್ರೈವರ್ ಸೀಟಿನ ಒಂದು ಹೊಲಿಗೆ, ಹಿಂದಿನ ಬಾಗಿಲೊಂದರ ಒಳ ಅಂಚಿನಲ್ಲಿ ಬೆರಳಗಲ ಬಣ್ಣ, ಡಿಕ್ಕಿಯ ಹಾಸಿನ ಒಂದು ಮೂಲೆ ಎಂದು ಇವರು ಒಪ್ಪಿಸಿದರು. ಆಕೆ ಹುಬ್ಬು ಗಂಟಿಕ್ಕಿ ಮತ್ತೆ ಕಾರಿನೊಳಗೆ ಹೋದರು. ಭೂತಗನ್ನಡಿ ಹಿಡಿದು ಸೀಟನ್ನು ಅತ್ತಿಂದಿತ್ತ ತಡಕಿದರು. ಬಾಗಿಲಿನ ಅಂಚಿಗೆ ಟಾರ್ಚ್ ಬಿಟ್ಟರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, "ನೀವೇ ತೋರಿಸಿ," ಎಂದರು. ಮೇಸ್ತ್ರಿ ತೋರಿಸಿದರು. ಹಳೆಯ ತೂತುಗಳಲ್ಲೇ ಸೂಜಿ ಹಾಕಿ, ಚಹಾದಲ್ಲಿ ಅದ್ದಿ ಬಣ್ಣ ತಂದ ದಾರದಲ್ಲಿ ಹೊಲಿದ ಹೊಲಿಗೆ. ಅದರ ಮೇಲೆ ಆಕೆ ಆಗಲೇ ಎರಡು ಸಲ ಬೆರಳಾಡಿಸಿದ್ದರು.

ಗುರುತು ಹೋದದ್ದಕ್ಕೆ ಅಂಕ ಕಡಿಮೆಯಾಯಿತು. ಆದರೂ ಕಾರು ಪಾಸಾಯಿತು. ಯಜಮಾನರು ಅಲ್ಲೇ ನಿಂತು ಪೇಂಟರಿಗೆ ಫೋನ್ ಮಾಡಿ, ಸೋಮವಾರ ಬರಬೇಡ, ಮಂಗಳವಾರವೂ ಬರಬೇಡ ಎಂದರು. ಬಂಧುಗಳಿಗೆ ತಾವೇ ಉತ್ತರ ಹೇಳುತ್ತಾರಂತೆ, ಮೊಮ್ಮಗಳು ನೀಲಿ ಕಾರಿನಲ್ಲೇ ಬರುತ್ತಾಳಂತೆ. ಫೋನ್ ಇಟ್ಟವರು ಪ್ರಮಾಣಪತ್ರದ ಜತೆ ಸಂಘ ಕೊಟ್ಟ ಅಂಗೈಯಗಲದ ಸ್ಟಿಕ್ಕರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಬಾನೆಟ್ ಮಧ್ಯಕ್ಕೆ ಅಂಟಿಸಿದ್ರೆ ಹೇಗೆ?" ಎಂದರು. ಪರೀಕ್ಷಕಿ ಕಣ್ಣು ಮುಚ್ಚಿಕೊಂಡರು. ಮೇಸ್ತ್ರಿ ಸ್ಟಿಕ್ಕರ್ ಇಸಿದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಈ ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ಪ್ರಮಾಣಪತ್ರದಲ್ಲಿ ಯಜಮಾನರ ಹೆಸರು ಮಾತ್ರ ಇದೆ, ನಿಮ್ಮದಿಲ್ಲವಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳಿದೆ. ನನಗಂತೂ ಬಹಳ ಬೇಜಾರಾಗಿತ್ತು. ಅವರು ಉಗುರಿಲ್ಲದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡರು.

"ಆಯಮ್ಮ ಅಷ್ಟು ದೊಡ್ಡ ಗಾಜು ಹಿಡ್ಕೊಂಡು ಹುಡುಕಿದ್ರಲ್ಲ ಸಾರ್," ಎಂದರು. "ನನ್ನ ಕೈ ಎಲ್ಲಿ ಬಿದ್ದಿದೆ ಅಂತ ಅವರಿಗೆ ಸಿಗಲೇ ಇಲ್ಲ."